ಗಾಡಿ ಬಂತು, ಡೀಸೆಲ್?

ಕರು ಹಾಕಿದ ಮರುದಿನ ಹಸು ಕತ್ತನ್ನು ಪಕ್ಕೆಗೆ ಒತ್ತಿಕೊಂಡು ಮಲಗಿದ್ದು, ಕಿವಿ ಮುಟ್ಟಿದರೆ ತಣ್ಣಗಿದ್ದರೆ, ಹೈನು ಕಂಡ ಮನೆಯವರಿಗೆ ಗೊತ್ತು: ಹಾಲುಜ್ವರ. ಹೆಸರಿಗಷ್ಟೇ ಜ್ವರ, ಮೈಯೆಲ್ಲ ತಣ್ಣಗೆ. ರಕ್ತನಾಳಕ್ಕೆ ನಿಧಾನವಾಗಿ ಒಂದು ಬಾಟಲಿ ಕ್ಯಾಲ್ಸಿಯಂ ಇಳಿದರೆ, ಸ್ವಲ್ಪ ಹೊತ್ತಿನಲ್ಲೇ ಎದ್ದು ನಿಲ್ಲುವುದುಂಟು, ತಡವಾದರೆ ಸಾವು. ಏಳಲಾರದ ಹಸುವನ್ನು ತಾಲ್ಲೂಕು ಆಸ್ಪತ್ರೆಗೆ ಹೊರುವವರು ಯಾರು? ವೈದ್ಯರೇ ಕೊಟ್ಟಿಗೆಗೆ ಬರಬೇಕು.

1962ಕ್ಕೆ ಕರೆ ಮಾಡಿದರೆ ಬರುವ ಸಂಚಾರಿ ಪಶು ಚಿಕಿತ್ಸಾಲಯ ಹುಟ್ಟಿದ್ದು ಇದಕ್ಕೇ. ಲಕ್ಷ ಜಾನುವಾರಿಗೆ ಒಂದು ವಾಹನ. ಅದರಲ್ಲೊಬ್ಬ ಪಶುವೈದ್ಯ, ಒಬ್ಬ ಸಹಾಯಕ, ಒಬ್ಬ ಚಾಲಕ. ಕರ್ನಾಟಕಕ್ಕೆ ದಕ್ಕಿದ್ದು 275 ವಾಹನ. ಗಾಡಿ ಕೊಳ್ಳುವ ಹಣ ಪೂರ್ತಿ ಕೇಂದ್ರದ್ದು. ಓಡಿಸುವ ಖರ್ಚಿನಲ್ಲಿ ಶೇ 60 ಕೇಂದ್ರದ್ದು, ಶೇ 40 ರಾಜ್ಯದ್ದು. ಹಸಿರು ನಿಶಾನೆ ತೋರಿಸುವ ದಿನ ಫೋಟೊಗಳಿಗೆ ಬರವಿಲ್ಲ. ಡೀಸೆಲ್, ಔಷಧ, ಟೈರು, ಗುತ್ತಿಗೆ ವೈದ್ಯರ ಸಂಬಳಕ್ಕೆ ನಿಶಾನೆ ತೋರಿಸುವವರು ಯಾರು?

ಹಸುಗಳೇನೂ ಕಚೇರಿ ವೇಳೆ ನೋಡಿಕೊಂಡು ಕರು ಹಾಕುವುದಿಲ್ಲ. ಕರು ಅಡ್ಡ ಸಿಕ್ಕಿಕೊಳ್ಳುವುದು, ಹೊಟ್ಟೆ ಉಬ್ಬರಿಸುವುದು ನಡುರಾತ್ರಿಯಲ್ಲೂ ಆಗುತ್ತದೆ. ರಾತ್ರಿ ಪಾಳಿ ಬೇಕೆಂದರೆ ಎರಡನೇ ತಂಡದ ಸಂಬಳವನ್ನೂ ಬಜೆಟ್‌ನಲ್ಲಿ ಕಾಣಿಸಬೇಕು. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ರೈತರು ದನಗಳಿಗೆ ಬೇವಿನ ಸೊಪ್ಪು, ಅರಿಸಿನ ಹಚ್ಚುತ್ತ ಲಸಿಕೆಯ ದಾರಿ ಕಾದರು. ಇಂಥ ಹೊತ್ತಿಗೆ, ನೆರೆ ಬಂದಾಗಿನ ಮೇವು-ಮದ್ದಿಗೆ, ಪ್ರತ್ಯೇಕ ತುರ್ತುನಿಧಿ ಇರಲಿ. ರಾಜ್ಯದ ಪಾಲು ವರ್ಷದ ಕೊನೆಯಲ್ಲಲ್ಲ, ಏಪ್ರಿಲ್‌ನಲ್ಲೇ ಬಿಡುಗಡೆಯಾಗಲಿ.