ಉಲ್ಲೇಖಗಳ ಲೆಕ್ಕಕ್ಕೆ ಸಿಗದ ಮಂಗನ ಕಾಯಿಲೆ

ಪ್ರತಿ ವರ್ಷ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಜ್ಞರು ಸಿದ್ಧಪಡಿಸುವ ‘ವಿಶ್ವದ ಅಗ್ರ ಶೇ 2ರಷ್ಟು ವಿಜ್ಞಾನಿಗಳ’ ಪಟ್ಟಿ ಹೊರಬೀಳುತ್ತಿದ್ದಂತೆ, ರಾಜ್ಯದ ವಿಶ್ವವಿದ್ಯಾಲಯಗಳಿಂದ ಅಭಿನಂದನೆಯ ಪ್ರಕಟಣೆಗಳು ಪತ್ರಿಕಾ ಕಚೇರಿಗಳನ್ನು ತಲುಪುತ್ತವೆ. ಸಂಶೋಧಕರ ಪ್ರಬಂಧಗಳನ್ನು ಇತರ ಸಂಶೋಧಕರು ಎಷ್ಟು ಬಾರಿ ಉಲ್ಲೇಖಿಸಿದ್ದಾರೆ ಎಂಬುದೇ ಈ ಪಟ್ಟಿಯ ಮುಖ್ಯ ಆಧಾರ. ಗೌರವ ಸಲ್ಲಬೇಕಾದವರಿಗೆ ಸಲ್ಲಲಿ. ಆದರೆ ಇದೇ ಅಳತೆಗೋಲನ್ನು ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಕಾಡಂಚಿಗೆ ತಂದರೆ ಅದು ಎಷ್ಟು ಗಿಡ್ಡದು ಎಂಬುದು ಅರಿವಾಗುತ್ತದೆ.

ಉಲ್ಲೇಖಗಳ ಲೆಕ್ಕಾಚಾರದಲ್ಲಿ ಹೆಚ್ಚು ಬಳಕೆಯಲ್ಲಿರುವುದು ‘ಎಚ್-ಸೂಚ್ಯಂಕ’. ಭೌತವಿಜ್ಞಾನಿ ಜಾರ್ಜ್ ಹಿರ್ಶ್ 2005ರಲ್ಲಿ ಇದನ್ನು ಸೂಚಿಸಿದರು. ಒಬ್ಬರ ಹತ್ತು ಪ್ರಬಂಧಗಳು ತಲಾ ಹತ್ತು ಬಾರಿಯಾದರೂ ಉಲ್ಲೇಖಗೊಂಡಿದ್ದರೆ ಅವರ ಸೂಚ್ಯಂಕ ಹತ್ತು. ಲೆಕ್ಕ ಸರಳ. ತೊಡಕಿರುವುದು ಬೇರೆ ಕಡೆ. ಒಂದು ಕ್ಷೇತ್ರದಲ್ಲಿ ದುಡಿಯುವವರು ಎಷ್ಟು ಮಂದಿಯೋ ಅದಕ್ಕೆ ತಕ್ಕಂತೆ ಉಲ್ಲೇಖಿಸುವವರೂ ಇರುತ್ತಾರೆ. ಕ್ಯಾನ್ಸರ್ ಅಥವಾ ಕೋವಿಡ್ ಕುರಿತ ರೋಗನಿರೋಧ ಸಂಶೋಧನೆಗೆ ಜಗತ್ತೆಲ್ಲ ಓದುಗರಿದ್ದಾರೆ. ಮಂಗನ ಕಾಯಿಲೆಗೆ ಇಲ್ಲ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ ಮಂಗಗಳು ಸಾಯತೊಡಗಿದಾಗ ಪುಣೆಯ ವೈರಾಣು ಸಂಶೋಧನಾ ಕೇಂದ್ರದ ತಂಡ ಹೊಸ ವೈರಾಣುವನ್ನು ಪತ್ತೆಹಚ್ಚಿತು. ಉಣುಗುಗಳ ಕಡಿತದಿಂದ ಅದು ಮನುಷ್ಯರಿಗೆ ತಗಲುತ್ತದೆ. ದಶಕಗಳ ಕಾಲ ಪಶ್ಚಿಮ ಘಟ್ಟದ ಒಂದು ಭಾಗಕ್ಕಷ್ಟೇ ಸೀಮಿತವಾಗಿದ್ದ ರೋಗವಿದು. ಇದರ ವೈರಾಣುವನ್ನು ಬೆಳೆಸಲು ಗರಿಷ್ಠ ಸುರಕ್ಷತೆಯ ಪ್ರಯೋಗಾಲಯ ಬೇಕು. ಹೀಗಾಗಿ ಸಂಶೋಧಕರು ಕಡಿಮೆ, ಪ್ರಬಂಧಗಳು ಕಡಿಮೆ, ಉಲ್ಲೇಖಗಳು ಇನ್ನೂ ಕಡಿಮೆ. ರೋಗವನ್ನು ಜಗತ್ತಿಗೆ ಪರಿಚಯಿಸಿದ ಆರಂಭದ ವರದಿಗಳಲ್ಲಿ ಕೆಲವು ಪ್ರಕಟವಾದದ್ದೂ ಭಾರತೀಯ ವೈದ್ಯಕೀಯ ನಿಯತಕಾಲಿಕದಲ್ಲಿಯೇ.

ಅಂಕಿಗಳಿಗೆ ಸಿಗದ ಮಹತ್ವ ಹೇಗಿರುತ್ತದೆ ಎಂಬುದಕ್ಕೆ ಎರಡು ಪ್ರಬಂಧಗಳೇ ಸಾಕ್ಷಿ. ಗುದಡಪ್ಪ ಕಸಬಿ ಮತ್ತು ಮನೋಜ್ ಮುರ್ಹೇಕರ್ ಅವರ ತಂಡ 2005ರಿಂದ 2010ರವರೆಗಿನ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿತು. ಲಸಿಕೆಯ ಒಂದು ಡೋಸ್‌ನಿಂದ ರಕ್ಷಣೆ ಇಲ್ಲ, ಎರಡು ಡೋಸ್‌ಗಳಿಂದ ಶೇ 62.4, ಬಲವರ್ಧಕ ಡೋಸ್ ಸೇರಿದರೆ ಶೇ 82.9ರಷ್ಟು ರಕ್ಷಣೆ ಎಂಬುದು ಅದರ ಸಾರ. ಒಂದೇ ಚುಚ್ಚುಮದ್ದು ಪಡೆದು ನೋವಿಗೆ ಅಂಜಿ ಮತ್ತೆ ಬಾರದ ಕಾಡಂಚಿನ ಕೂಲಿಕಾರನಿಗೆ ಇದಕ್ಕಿಂತ ಮುಖ್ಯವಾದ ವಿಜ್ಞಾನ ಇನ್ನೊಂದಿರಲಿಲ್ಲ.

2013ರ ಡಿಸೆಂಬರ್‌ನಿಂದ 2014ರ ಏಪ್ರಿಲ್‌ವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿ ರೋಗ ಉಲ್ಬಣಿಸಿದ ಬಗೆಯನ್ನು 2015ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ವಿವರಿಸಿತು. ಲಸಿಕೆ ಪಡೆದವರು ಕಡಿಮೆ, ಅದರ ಪರಿಣಾಮವೂ ಕಡಿಮೆ, ರೋಗ ಲಸಿಕೆ ವಲಯದ ಆಚೆಗೂ ಹಬ್ಬಿದೆ, ಕಾರ್ಯತಂತ್ರದ ಮರುಪರಿಶೀಲನೆ ಆಗಬೇಕು ಎಂದು ಅದು ನೇರವಾಗಿಯೇ ಹೇಳಿತು.

ಆಮೇಲೆ ನಡೆದದ್ದೇನು? 2018-19ರ ಹಂಗಾಮಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗ ಸಾವುಗಳನ್ನು ಕಂಡಿತು. ಹಳೆಯ ಲಸಿಕೆಯ ಬಳಕೆ ನಿಂತದ್ದು 2022ರಲ್ಲಿ. 2024ರ ಜನವರಿಯಲ್ಲಿ ಹೊಸನಗರ ತಾಲ್ಲೂಕಿನ ಯುವತಿಯೊಬ್ಬರು ಮಂಗನ ಕಾಯಿಲೆಗೆ ಬಲಿಯಾದಾಗ ಕೊಡಲು ಲಸಿಕೆಯೇ ಇರಲಿಲ್ಲ. ಹೊಸ ಲಸಿಕೆಗಾಗಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸಂಸ್ಥೆಯೊಂದಿಗೆ ಕೈಜೋಡಿಸಿದೆ. ಮರುಪರಿಶೀಲನೆಯ ಮಾತು ಅಚ್ಚಾದದ್ದಕ್ಕೂ ಹಳೆಯ ಲಸಿಕೆ ನಿಂತದ್ದಕ್ಕೂ ನಡುವೆ ಏಳು ವರ್ಷಗಳ ಅಂತರ. ಆ ಪ್ರಬಂಧವನ್ನು ದೂರದ ದೇಶಗಳ ಎಷ್ಟು ವಿಜ್ಞಾನಿಗಳು ಉಲ್ಲೇಖಿಸಿದರು ಎಂಬುದನ್ನು ಗಣಕಯಂತ್ರ ಕ್ಷಣದಲ್ಲಿ ಹೇಳುತ್ತದೆ. ಅದನ್ನು ಓದಿ ನಿರ್ಧಾರ ಕೈಗೊಳ್ಳಬೇಕಾದವರು ಯಾವಾಗ ಓದಿದರು ಎಂಬುದನ್ನು ಯಾವ ಸೂಚ್ಯಂಕವೂ ಹೇಳದು.

ಉಲ್ಲೇಖಗಳಿಗೆ ಬೆಲೆಯೇ ಇಲ್ಲವೆಂದಲ್ಲ. ಸಹ ಸಂಶೋಧಕರ ಮನ್ನಣೆಯ ಒಂದು ಗುರುತು ಅದು. ಆದರೆ ನೇಮಕಾತಿ, ಬಡ್ತಿ, ಅನುದಾನಗಳೆಲ್ಲ ಅದೊಂದನ್ನೇ ನೆಚ್ಚಿಕೊಂಡರೆ ಬುದ್ಧಿವಂತ ಯುವ ಸಂಶೋಧಕ ಮಲೆನಾಡಿನ ಜ್ವರಕ್ಕೆ ಬೆನ್ನು ತೋರಿಸಿ, ಹೆಚ್ಚು ಓದುಗರಿರುವ ವಿಷಯವನ್ನೇ ಆರಿಸಿಕೊಳ್ಳುತ್ತಾನೆ. ಅದು ಅವನ ತಪ್ಪಲ್ಲ, ಅಳತೆಗೋಲಿನ ತಪ್ಪು. ನಿಯತಕಾಲಿಕದ ಪ್ರಭಾವಾಂಕವನ್ನು ವ್ಯಕ್ತಿಯ ಯೋಗ್ಯತೆಗೆ ಅಳತೆಯಾಗಿ ಬಳಸಬಾರದೆಂದು ಸ್ಯಾನ್‌ಫ್ರಾನ್ಸಿಸ್ಕೊ ಘೋಷಣೆ 2013ರಲ್ಲಿಯೇ ಎಚ್ಚರಿಸಿತ್ತು.

ರಾಜ್ಯ ಸರ್ಕಾರ ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಸ್ಥಳೀಯ ರೋಗಗಳ ಕುರಿತು ಪ್ರಕಟವಾಗುವ ಪ್ರತಿ ಅಧ್ಯಯನಕ್ಕೂ ಆರೋಗ್ಯ ಇಲಾಖೆ ನಿಗದಿತ ಅವಧಿಯೊಳಗೆ ಲಿಖಿತ ಉತ್ತರ ನೀಡಲಿ. ಒಪ್ಪಿದರೆ ಕ್ರಮವನ್ನು, ಒಪ್ಪದಿದ್ದರೆ ಕಾರಣವನ್ನು ತಿಳಿಸಲಿ. ವಿಶ್ವವಿದ್ಯಾಲಯಗಳು ಆ ಉತ್ತರವನ್ನೂ ಸಂಶೋಧಕರ ಸಾಧನೆಯ ಕಡತಕ್ಕೆ ಸೇರಿಸಲಿ. ಡಿಸೆಂಬರ್ ಬಂತೆಂದರೆ ಸೊಪ್ಪು, ಸೌದೆಗೆ ಕಾಡು ಹೊಕ್ಕುವ ಜನರಿಗೆ ಬೇಕಾಗಿರುವ ಉಲ್ಲೇಖ ಅದೊಂದೇ.