ಮುಖ್ಯೋಪಾಧ್ಯಾಯರ ಪಾಲು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳು ಮೈಸೂರು ಜಿಲ್ಲೆಯ ಪಶ್ಚಿಮ ಭಾಗದಲ್ಲಿವೆ. ಇಲ್ಲಿನ ಹಳ್ಳಿಯ ಮಕ್ಕಳು ವೈದ್ಯರೋ ಎಂಜಿನಿಯರೋ ಆಗಬಯಸಿದರೆ ಪ್ರವೇಶ ಪರೀಕ್ಷೆಯೆಂಬ ಹೆಬ್ಬಾಗಿಲನ್ನು ದಾಟಲೇಬೇಕು. ವೃತ್ತಿಶಿಕ್ಷಣಕ್ಕಾಗಿ ಕರ್ನಾಟಕದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆಯು 1994ರಲ್ಲಿ ಆರಂಭವಾಯಿತು. ವೈದ್ಯಕೀಯಕ್ಕೆ ಈಗ ರಾಷ್ಟ್ರಮಟ್ಟದ ‘ನೀಟ್’ ಪರೀಕ್ಷೆಯಿದೆ. ಇವುಗಳಲ್ಲಿ ಗೆದ್ದವರ ಭಾವಚಿತ್ರಗಳನ್ನು ಪಟ್ಟಣದ ತರಬೇತಿ ಕೇಂದ್ರಗಳು ಫಲಕಗಳಲ್ಲಿ ಮೆರೆಸುತ್ತವೆ. ಅದೇ ಮಕ್ಕಳು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಾಗ ಶಾಲೆಯನ್ನು ನಡೆಸಿದ ಮುಖ್ಯೋಪಾಧ್ಯಾಯರ ನೆನಪು ಮಾತ್ರ ಯಾರಿಗೂ ಬರುವುದಿಲ್ಲ.

ಮುಖ್ಯೋಪಾಧ್ಯಾಯರು ತಾವೇ ಗಣಿತ ಕಲಿಸದೆ ಮಕ್ಕಳ ಗಣಿತವನ್ನು ಹೇಗೆ ಉತ್ತಮಪಡಿಸಬಲ್ಲರು ಎಂದು ಕೆಲವರು ಕೇಳಬಹುದು. ಕೆನ್ನೆತ್ ಲೀತ್‌ವುಡ್ ಮತ್ತು ಸಂಗಡಿಗ ವಿದ್ವಾಂಸರು ಅನೇಕ ಅಧ್ಯಯನಗಳನ್ನು ಪರಿಶೀಲಿಸಿ 2004ರಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ಶಾಲೆಯೊಳಗಿನ ಕಾರಣಗಳಲ್ಲಿ ಮಕ್ಕಳ ಕಲಿಕೆಯ ಮೇಲೆ ಅತಿ ಹೆಚ್ಚು ಪರಿಣಾಮ ಬೀರುವುದು ತರಗತಿಯ ಬೋಧನೆ. ಅದನ್ನು ಬಿಟ್ಟರೆ ಶಾಲೆಯ ನಾಯಕತ್ವವೇ ಎಂದು ಅವರು ಕಂಡುಕೊಂಡರು. ಈ ನಾಯಕತ್ವವು ಭಾಷಣದಲ್ಲಿ ಕಾಣುವಂಥದಲ್ಲ. ಪ್ರಯೋಗಾಲಯದ ಬೀಗ ವಾರಕ್ಕೆ ಎಷ್ಟು ಸಲ ತೆರೆಯುತ್ತದೆ, ಗಣಿತ ಶಿಕ್ಷಕರ ಹುದ್ದೆ ಖಾಲಿಯಾದಾಗ ಮೇಲಧಿಕಾರಿಗೆ ಒಂದು ಕಾಗದ ಬರೆದು ಸುಮ್ಮನಾಗುತ್ತಾರೆಯೆ ಅಥವಾ ಅತಿಥಿ ಶಿಕ್ಷಕರನ್ನು ಹುಡುಕಿ ತರುತ್ತಾರೆಯೆ ಎಂಬುದರಲ್ಲಿ ಅದು ಕಾಣುತ್ತದೆ.

ಈ ನಾಡಿನ ಬೇಸಾಯವನ್ನು ಅರಿಯದವರು ಇಲ್ಲಿ ಶಾಲೆ ನಡೆಸುವುದು ಕಷ್ಟ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಮಳೆಗಾಲ ನಡೆಯುತ್ತಿರುವಾಗಲೇ ಹೊಗೆಸೊಪ್ಪನ್ನು ಮುರಿದು, ಕಟ್ಟಿ, ಬ್ಯಾರನ್ನಿನಲ್ಲಿ ಹದಮಾಡುವ ಕೆಲಸ ಬರುತ್ತದೆ. ಆಗ ಮನೆಯ ಪ್ರತಿಯೊಂದು ಕೈಯೂ ಬೇಕು. ಹೆಗ್ಗಡದೇವನಕೋಟೆಯ ಹಾಡಿಗಳಿಂದ ಜೇನುಕುರುಬ ಮೊದಲಾದ ಕುಟುಂಬಗಳು ಕಾಫಿ ಕೊಯ್ಲಿಗೆಂದು ಕೊಡಗಿಗೆ ಹೋಗುವುದು ಚಳಿಗಾಲದಲ್ಲಿ, ವಾರ್ಷಿಕ ಪರೀಕ್ಷೆ ಸಮೀಪಿಸುತ್ತಿರುವ ಹೊತ್ತಿನಲ್ಲಿ. ಗೈರುಹಾಜರಿ ಎಂದು ಬರೆದು ಪುಸ್ತಕ ಮಡಿಸುವುದು ಸುಲಭ. ಮನೆಯವರೊಡನೆ ಮೊದಲೇ ಮಾತನಾಡಿ, ಮಗುವಿಗೆ ವಿದ್ಯಾರ್ಥಿನಿಲಯದಲ್ಲಿ ಜಾಗ ಮಾಡಿಕೊಟ್ಟು, ತಪ್ಪಿದ ಪಾಠವನ್ನು ಮತ್ತೆ ಹೇಳಿಸುವುದಕ್ಕೆ ದೊಡ್ಡ ಮನಸ್ಸು ಬೇಕು. ಎಂಟನೆಯ ತರಗತಿಯಲ್ಲಿ ತಪ್ಪಿಹೋದ ಬೀಜಗಣಿತವನ್ನು ಪ್ರವೇಶ ಪರೀಕ್ಷೆಯ ಹಿಂದಿನ ತಿಂಗಳಲ್ಲಿ ತುಂಬಿಕೊಳ್ಳಲು ಹೊರಡುವುದು ಯುದ್ಧಕಾಲದ ಶಸ್ತ್ರಾಭ್ಯಾಸವೇ ಸರಿ.

ಭಾಷೆಯದು ಇನ್ನೊಂದು ತೊಡಕು. ಹತ್ತನೆಯ ತರಗತಿಯವರೆಗೆ ‘ಜಡತ್ವ’ ಎಂದು ಓದಿದ ವಿದ್ಯಾರ್ಥಿನಿಗೆ ಪದವಿಪೂರ್ವ ವಿಜ್ಞಾನದ ತರಗತಿಯಲ್ಲಿ ಅದೇ ವಿಷಯ ‘ಇನರ್ಷಿಯಾ’ ಎಂಬ ಹೆಸರಿನಲ್ಲಿ ಎದುರಾಗುತ್ತದೆ. ವಿಷಯ ಗೊತ್ತಿದ್ದರೂ ಹೆಸರು ತಿಳಿಯದೆ ಅವಳು ಬೆದರುತ್ತಾಳೆ. ಪ್ರೌಢಶಾಲೆಯಲ್ಲಿಯೇ ಎರಡು ಹೆಸರುಗಳನ್ನೂ ಕರಿಹಲಗೆಯ ಮೇಲೆ ಬರೆಯಿಸುವ ಏರ್ಪಾಡನ್ನು ಮುಖ್ಯೋಪಾಧ್ಯಾಯರು ಮಾಡಿದರೆ ಅದಕ್ಕೆ ಖರ್ಚಾಗುವುದು ಸೀಮೆಸುಣ್ಣ ಮಾತ್ರ.

ಇಷ್ಟೆಲ್ಲ ಮಾಡುವವರನ್ನು ಸಮಾಜ ಯಾವುದರಿಂದ ಅಳೆಯುತ್ತದೆ? ಶೇಕಡಾ ನೂರು ಫಲಿತಾಂಶದಿಂದ. ಈ ಅಳತೆಗೋಲು ಸರಿಯಾದುದಲ್ಲ. ಶಾಲೆಯ ಹೆಸರು ಕೆಟ್ಟೀತೆಂಬ ಭಯದಿಂದ ಹಿಂದುಳಿದ ಹುಡುಗನನ್ನು ಖಾಸಗಿಯಾಗಿ ಪರೀಕ್ಷೆ ಕಟ್ಟಲು ಹೇಳುವುದು, “ವಿಜ್ಞಾನ ನಿನಗೆ ಆಗದು” ಎಂದು ಹದಿನಾಲ್ಕನೆಯ ವಯಸ್ಸಿನಲ್ಲೇ ತೀರ್ಪು ಕೊಡುವುದು ಇದರಿಂದ ಹುಟ್ಟುವ ಕೇಡು. ಫಲಕದ ಮೇಲೆ ನೂರು ಎಂಬ ಅಂಕೆ ಹೊಳೆಯುತ್ತದೆ. ಪರೀಕ್ಷೆಗೇ ಕೂರದವರ ಲೆಕ್ಕ ಅದರಲ್ಲಿ ಇರುವುದಿಲ್ಲ. ಕಳೆದ ವರ್ಷ ನಲವತ್ತು ಅಂಕ ಪಡೆದವನು ಈ ವರ್ಷ ಅರವತ್ತಕ್ಕೆ ಏರಿದನೆ ಎಂದು ಕೇಳುವ ಮುಖ್ಯೋಪಾಧ್ಯಾಯರೇ ಹೆಚ್ಚಿನವರು.

ಬಹಳ ಜನ ಕಡೆಗಣಿಸುವ ಕೆಲಸವೊಂದು ಉಳಿದಿದೆ. ವೃತ್ತಿಶಿಕ್ಷಣದ ಸರ್ಕಾರಿ ಸೀಟುಗಳಲ್ಲಿ, ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇಕಡಾ 15, ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಮೀಸಲಾತಿ ಉಂಟು. ಇದಕ್ಕೆ ಶಾಲೆಯ ದಾಖಲೆಯೇ ಆಧಾರ. ಏಳನೆಯ ತರಗತಿಯವರೆಗೆ ಊರಿನಲ್ಲಿ ಓದಿ, ಎಂಟಕ್ಕೆ ಹುಣಸೂರು ಪಟ್ಟಣದ ಶಾಲೆಗೆ ಸೇರುವ ಹುಡುಗಿಗೆ ಗ್ರಾಮೀಣ ಮೀಸಲಾತಿ ಕೈತಪ್ಪುತ್ತದೆ. ಅವಳ ತಂದೆಗೆ ಅದು ತಿಳಿದಿರುವುದಿಲ್ಲ. ವರ್ಗಾವಣೆ ಪತ್ರ ಕೇಳಲು ಬಂದ ಆ ರೈತನನ್ನು ಕೂರಿಸಿಕೊಂಡು ಈ ನಿಯಮವನ್ನು ಬಿಡಿಸಿ ಹೇಳಬಲ್ಲವರು ಆ ಊರಿನಲ್ಲಿ ಮುಖ್ಯೋಪಾಧ್ಯಾಯರೊಬ್ಬರೇ.