ನಾಲ್ವರು ಬರೆಯಲಿ, ಕಡತ ಒಂದೇ ಇರಲಿ

ಕಳೆದ ತಿಂಗಳು ಒಂದು ರಾತ್ರಿ ಹತ್ತು ಗಂಟೆಯ ಹೊತ್ತಿಗೆ ಪಕ್ಕದ ಮನೆಯ ಹುಡುಗಿ ಬಾಗಿಲು ತಟ್ಟಿದಳು. ಕೈಯಲ್ಲಿ ಪೆನ್ ಡ್ರೈವ್, ಕಣ್ಣಲ್ಲಿ ನೀರು. ಹಿಂದೆಯೇ ಅವಳ ಅಪ್ಪ. ಬಿ.ಎ. ಕೊನೆಯ ವರ್ಷದ ಪ್ರಾಜೆಕ್ಟ್ ವರದಿ. ನಾಲ್ವರು ಹುಡುಗಿಯರ ತಂಡ. ವಿಷಯ ಸುತ್ತಲಿನ ಊರುಗಳ ಕೆರೆಗಳು. ಇವಳ ಪಾಲಿಗೆ ಬಂದದ್ದು ಮೂರನೆಯ ಅಧ್ಯಾಯ. ಎಂಟು ಜನ ಹಿರಿಯರನ್ನು ಹುಡುಕಿಕೊಂಡು ಹೋಗಿ ಮಾತನಾಡಿಸಿ ಹದಿನಾಲ್ಕು ಪುಟ ಬರೆದಿದ್ದಳು. ಬೆಳಿಗ್ಗೆ ಬೈಂಡಿಂಗ್ ಆಗಬೇಕು. ಗೆಳತಿಯೊಬ್ಬಳು ಎಲ್ಲರ ಅಧ್ಯಾಯಗಳನ್ನೂ ಜೋಡಿಸಿ ಕಳಿಸಿದ ಕಡತ ತೆರೆದು ನೋಡಿದರೆ, ಅಲ್ಲಿರುವುದು ಇವಳ ಅಧ್ಯಾಯದ ಹಳೆಯ ಪ್ರತಿ. ಬರೀ ಐದು ಪುಟ. ಪೆನ್ ಡ್ರೈವಿನಲ್ಲೂ ಹೊಸದರ ಮೇಲೆ ಹಳೆಯದು ಕೂತುಬಿಟ್ಟಿತ್ತು.

ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹುಡುಕಿದಾಗ ಹನ್ನೊಂದು ಕಡತ ಸಿಕ್ಕವು. ಒಂದರ ಹೆಸರು ‘ಕೊನೆಯದು’, ಇನ್ನೊಂದು ‘ಕೊನೆಯದು ಹೊಸದು’, ಮತ್ತೊಂದು ‘ಇದೇ ಕೊನೆಯದು’. ಒಂಬತ್ತು ಪುಟ ಹೇಗೋ ಕೈಗೆ ಬಂತು. ಉಳಿದದ್ದನ್ನು ಅವಳ ಟಿಪ್ಪಣಿ ಪುಸ್ತಕ ನೋಡಿ ಅಪ್ಪ ಓದುತ್ತಾ ಹೋದರು, ಅವಳು ಟೈಪು ಮಾಡಿದಳು. ಮುಗಿದಾಗ ಮೂರು ಗಂಟೆ. ಹೊರಡುವಾಗ ಅಪ್ಪ ಕೇಳಿದರು: “ಇಂಥದ್ದು ಆಗದಂತೆ ಏನಾದರೂ ಇದೆಯಾ ಸಾರ್? ದುಡ್ಡು ಕೊಟ್ಟು ತಗೋಬೇಕಾಗುತ್ತಾ?”

ಇದೆ, ದುಡ್ಡೂ ಬೇಕಿಲ್ಲ. ಈ ವಾರದ ಅಂಕಣ ಅವರಿಗೆ ಕೊಟ್ಟ ಉತ್ತರದ ವಿಸ್ತರಣೆ.

ಕಡತವನ್ನು ಎಲ್ಲರ ಕಂಪ್ಯೂಟರಿಗೂ ಹಂಚುವ ಬದಲು ಅದನ್ನು ಒಂದೇ ಕಡೆ ಇಟ್ಟು ಎಲ್ಲರೂ ಅಲ್ಲಿಗೇ ಹೋಗಿ ಬರೆಯುವುದು ಇದರ ಉಪಾಯ. ಯೋಚನೆ ಹೊಸದೇನಲ್ಲ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದ ಸಭೆಯೊಂದರಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಎಂಬ ಎಂಜಿನಿಯರ್, ಸುಮಾರು 50 ಕಿಲೋಮೀಟರ್ ದೂರದಲ್ಲಿದ್ದ ಸಹೋದ್ಯೋಗಿಯೊಂದಿಗೆ ಒಂದೇ ಪರದೆಯ ಮೇಲೆ ಒಂದೇ ಬರಹವನ್ನು ತಿದ್ದಿ ತೋರಿಸಿದ್ದರು. ನಾವು ನೀವೆಲ್ಲ ಬಳಸುವ ಮೌಸ್ ಕೂಡ ಸಾರ್ವಜನಿಕರೆದುರು ಬಂದದ್ದು ಅದೇ ಸಭೆಯಲ್ಲಿ.

ಇಬ್ಬರು ಒಂದೇ ಸಾಲನ್ನು ಒಟ್ಟಿಗೆ ತಿದ್ದಿದರೆ ಕಲಸುಮೇಲೋಗರ ಆಗುವುದಿಲ್ಲವೆ ಎಂದು ನೀವು ಕೇಳಬಹುದು. ‘ಮಳೆ ಜೋರಾಗಿ ಬಂತು’ ಎಂಬ ಸಾಲಿದೆ ಎನ್ನಿ. ಮೈಸೂರಿನ ಹುಡುಗ ಮೊದಲಿಗೆ ‘ನಿನ್ನೆ’ ಎಂಬ ಪದ ಸೇರಿಸುತ್ತಾನೆ. ಅದೇ ಕ್ಷಣದಲ್ಲಿ ಧಾರವಾಡದ ಹುಡುಗಿ ‘ಎರಡನೆಯ ಪದ ತೆಗೆ’ ಎಂದು ಆಜ್ಞೆ ಕೊಡುತ್ತಾಳೆ. ಅವಳ ಉದ್ದೇಶ ‘ಜೋರಾಗಿ’ ತೆಗೆಯುವುದು. ಆದರೆ ಹುಡುಗನ ಪದ ಮೊದಲೇ ಸೇರಿದ್ದರೆ ಎರಡನೆಯ ಪದ ‘ಮಳೆ’ ಆಗಿರುತ್ತದೆ! ಕಂಪ್ಯೂಟರ್ ಕುರುಡಾಗಿ ಪಾಲಿಸಿದರೆ ‘ನಿನ್ನೆ ಜೋರಾಗಿ ಬಂತು’ ಎಂದು ಉಳಿದು, ಮಳೆಯೇ ಮಾಯ. ಆದ್ದರಿಂದ ತಂತ್ರಾಂಶವು ಅವಳ ಆಜ್ಞೆಯನ್ನೇ ತಿದ್ದಿ ‘ಮೂರನೆಯ ಪದ ತೆಗೆ’ ಎಂದು ಮಾಡಿಕೊಳ್ಳುತ್ತದೆ. ನಿಜದಲ್ಲಿ ಅದು ಪದಗಳನ್ನಲ್ಲ, ಅಕ್ಷರಗಳನ್ನು ಎಣಿಸುತ್ತದೆ, ತತ್ತ್ವ ಇದೇ. ಎಲ್ಲಿಸ್ ಮತ್ತು ಗಿಬ್ಸ್ ಎಂಬ ಇಬ್ಬರು ಇದನ್ನು 1989ರಲ್ಲೇ ವಿವರಿಸಿದ್ದರು.

ಈಗ ಆಯ್ಕೆಯ ಮಾತು. ಹೆಚ್ಚು ಜನ ಬಳಸುವುದು ಗೂಗಲ್ ಡಾಕ್ಸ್. ರೈಟ್ಲಿ ಎಂಬ ಪುಟ್ಟ ತಂತ್ರಾಂಶವನ್ನು 2006ರಲ್ಲಿ ಗೂಗಲ್ ಕೊಂಡುಕೊಂಡು ಬೆಳೆಸಿದ್ದು ಇದು. ಜಿಮೇಲ್ ಖಾತೆ ಇದ್ದರೆ ಸಾಕು, 15 ಜಿ.ಬಿ. ಜಾಗ ಉಚಿತ. ಆದರೆ ಆ ಜಾಗದಲ್ಲೇ ನಿಮ್ಮ ಅಂಚೆ, ಫೋಟೊ ಎಲ್ಲವೂ ಇರಬೇಕು. ಮದುವೆ ಮನೆಯ ವಿಡಿಯೊಗಳು ಅದನ್ನು ತುಂಬಿಬಿಟ್ಟರೆ ಪ್ರಾಜೆಕ್ಟಿಗೆ ತೊಂದರೆ. ಫೋನಿನಲ್ಲಿ ಚೆನ್ನಾಗಿ ನಡೆಯುತ್ತದೆ. ಮೊದಲೇ ಸೂಚಿಸಿಟ್ಟರೆ ಸಂಪರ್ಕ ಇಲ್ಲದಾಗಲೂ ಬರೆಯಬಹುದು, ಸಂಪರ್ಕ ಬಂದಾಗ ತಾನೇ ಸೇರಿಕೊಳ್ಳುತ್ತದೆ. ಮನೆಯಲ್ಲಿ ಕಂಪ್ಯೂಟರೇ ಇಲ್ಲದೆ ಅಣ್ಣನ ಫೋನಿನಲ್ಲಿ ಬರೆಯುವ ಮಕ್ಕಳಿಗೆ ಇದು ದೊಡ್ಡ ಅನುಕೂಲ. ಕಂಪ್ಯೂಟರಿನ ಕ್ರೋಮ್ ಬ್ರೌಸರಿನಲ್ಲಿ ಕನ್ನಡದಲ್ಲಿ ಮಾತನಾಡಿ ಬರೆಸುವ ಸೌಲಭ್ಯವೂ ಇದೆ. ಪೂರ್ಣವಿರಾಮ, ಒತ್ತಕ್ಷರಗಳನ್ನು ಆಮೇಲೆ ನೀವೇ ತಿದ್ದಿಕೊಳ್ಳಬೇಕು.

ಎರಡನೆಯದು ಮೈಕ್ರೊಸಾಫ್ಟ್‌ನ ವರ್ಡ್. ಅಂಗಡಿಯಲ್ಲಿ ಕೊಳ್ಳುವ ವರ್ಡ್ ಬೇರೆ, ಬ್ರೌಸರಿನಲ್ಲಿ 2010ರಿಂದ ಉಚಿತವಾಗಿ ಸಿಗುತ್ತಿರುವ ವರ್ಡ್ ಬೇರೆ ಎಂಬುದು ಎಷ್ಟೋ ಪಾಲಕರಿಗೆ ಗೊತ್ತಿಲ್ಲ. ಜಾಗ 5 ಜಿ.ಬಿ. ಮಾತ್ರ, ಬರಹಕ್ಕೆ ಅದು ಧಾರಾಳ. ಕಾಲೇಜು ‘ವರ್ಡ್ ಕಡತವೇ ಬೇಕು’ ಎಂದು ಪಟ್ಟು ಹಿಡಿದರೆ ಇದೇ ಮೇಲು. ಬೇರೆ ಕಡೆ ಬರೆದು ವರ್ಡ್‌ಗೆ ಬದಲಿಸಿದಾಗ ಕೋಷ್ಟಕ, ಚಿತ್ರ, ಪುಟಸಂಖ್ಯೆ ಅಲ್ಲಲ್ಲಿ ಜರುಗುವುದುಂಟು. ಆದರೆ ಸಂಪರ್ಕ ಕಡಿದರೆ ಬ್ರೌಸರಿನ ವರ್ಡ್‌ನಲ್ಲಿ ಕೆಲಸ ನಿಂತಂತೆಯೇ.

ಮೂರನೆಯದು ನಮ್ಮ ನೆರೆಯ ಚೆನ್ನೈನ ಜೊಹೊ ಕಂಪನಿಯ ರೈಟರ್. ಇದು 2005ರಿಂದಲೂ ಇದೆ, ಅಂದರೆ ಗೂಗಲ್ ಡಾಕ್ಸ್‌ಗಿಂತ ಹಳೆಯದು. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಚಿವ ಅಶ್ವಿನಿ ವೈಷ್ಣವ್ ತಾವು ಜೊಹೊಗೆ ಬದಲಾಗುತ್ತಿರುವುದಾಗಿ ಹೇಳಿದ ಮೇಲೆ ಇದರ ಹೆಸರು ಎಲ್ಲರ ಕಿವಿಗೂ ಬಿತ್ತು. ಪರದೆ ಅಚ್ಚುಕಟ್ಟು, ಗದ್ದಲವಿಲ್ಲ. ಒಬ್ಬರೇ ಕೂತು ಬರೆಯುವುದಕ್ಕೆ ನನಗೆ ಇದೇ ಇಷ್ಟ. ತೊಡಕು ತಂತ್ರಾಂಶದ್ದಲ್ಲ, ತಂಡದ್ದು: ನಾಲ್ವರಲ್ಲಿ ಮೂವರಿಗೆ ಜೊಹೊ ಖಾತೆ ಇರುವುದಿಲ್ಲ. ಇನ್ನು ಗುಟ್ಟಾಗಿ ಬರೆಯಬೇಕೆನ್ನುವವರಿಗೆ ಫ್ರಾನ್ಸಿನ ಕ್ರಿಪ್ಟ್‌ಪ್ಯಾಡ್ ಇದೆ. ಬರಹ ನಿಮ್ಮ ಬ್ರೌಸರಿನಲ್ಲೇ ಗೂಢಲಿಪಿಯಾಗಿ ಹೋಗುವುದರಿಂದ ಅದನ್ನು ನಡೆಸುವವರಿಗೂ ಓದಲಾಗದು. ಪಾಸ್‌ವರ್ಡ್ ಮರೆತರೆ ನಿಮಗೂ ಅಷ್ಟೆ.

ನಾಲ್ವರು ವಿದ್ಯಾರ್ಥಿಗಳ ತಂಡಕ್ಕೆ ಯಾವುದು ಎಂದು ಕೇಳಿದರೆ ನಾನು ಗೂಗಲ್ ಡಾಕ್ಸ್ ಎಂದೇ ಹೇಳುತ್ತೇನೆ. ಮುಖ್ಯ ಕಾರಣ ಅದರ ‘ವರ್ಷನ್ ಹಿಸ್ಟರಿ’. ಯಾವ ದಿನ, ಎಷ್ಟು ಹೊತ್ತಿಗೆ, ಯಾರು ಏನು ಬರೆದರು, ಏನು ಅಳಿಸಿದರು ಎಂಬುದೆಲ್ಲ ಬೇರೆ ಬೇರೆ ಬಣ್ಣದಲ್ಲಿ ಅಲ್ಲಿ ಕಾಣುತ್ತದೆ. ಹಳೆಯ ಪ್ರತಿಗೆ ಮರಳುವುದು ಒಂದು ಗುಂಡಿಯ ಕೆಲಸ. ಪಕ್ಕದ ಮನೆಯ ಹುಡುಗಿಯ ಒಂಬತ್ತು ಪುಟ ಹೀಗೆ ಎರಡು ನಿಮಿಷದಲ್ಲಿ ಸಿಗುತ್ತಿತ್ತು. ವರ್ಡ್ ಮತ್ತು ಜೊಹೊದಲ್ಲೂ ಹಿಂದಿನ ಪ್ರತಿಗಳು ಉಳಿಯುತ್ತವೆ, ನಿಜ. ಆದರೆ ಕಲಿಯದವರ ಕೈಗೂ ಸುಲಭವಾಗಿ ಸಿಗುವುದು ಇಲ್ಲಿ.

ಇದಕ್ಕೆ ಇನ್ನೊಂದು ಉಪಯೋಗವೂ ಇದೆ. ತಂಡದ ಪ್ರಾಜೆಕ್ಟ್ ಎಂದರೆ ಒಬ್ಬರು ದುಡಿದು ನಾಲ್ವರು ಅಂಕ ಪಡೆಯುವುದು ಎಂಬ ದೂರು ಎಲ್ಲ ಕಾಲೇಜಿನಲ್ಲೂ ಇದೆ. ಮೇಷ್ಟ್ರಿಗೂ ತಿದ್ದುವ ಅನುಮತಿ ಕೊಟ್ಟರೆ ಅವರು ಈ ಚರಿತ್ರೆಯನ್ನು ನೋಡಬಹುದು (ಓದುವ ಅನುಮತಿ ಮಾತ್ರ ಇದ್ದರೆ ಅದು ಕಾಣುವುದಿಲ್ಲ). ದುಡಿದವರಿಗೆ ಬಾಯಿಬಿಟ್ಟು ಹೇಳಿಕೊಳ್ಳುವ ಮುಜುಗರ ಇರದು. ಎಲ್ಲಿಂದಲೋ ಇಡೀ ಅಧ್ಯಾಯ ತಂದು ಅಂಟಿಸಿದವರದೂ ತಿಳಿಯುತ್ತದೆ: ಹತ್ತು ಪುಟ ಒಂದೇ ನಿಮಿಷದಲ್ಲಿ ಹುಟ್ಟಿರುತ್ತದೆ!

ಕನ್ನಡದಲ್ಲಿ ಬರೆಯುವವರಿಗೆ ಒಂದು ಎಚ್ಚರಿಕೆ. ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ್ದನ್ನು ಇವುಗಳಲ್ಲಿ ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಕಡತ ಕೆಟ್ಟಿಲ್ಲ, ಗಾಬರಿ ಬೇಡ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಫಾಂಟು ಇಲ್ಲದ ಕಡೆ ಮುಖವಾಡ ಕಳಚುತ್ತದೆ. ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳು ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತು, ಒತ್ತುಗಳನ್ನು ಒಮ್ಮೆ ಓದಿ ನೋಡಿ. ಹೊಸದಾಗಿ ಬರೆಯುವುದನ್ನಂತೂ ಮೊದಲಿಂದಲೇ ಯೂನಿಕೋಡ್‌ನಲ್ಲಿ ಬರೆಯಿರಿ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ರೂಢಿಯಾದವರು ಅದನ್ನೇ ಯೂನಿಕೋಡ್‌ನಲ್ಲೂ ಬಳಸಬಹುದು, ಬೆರಳು ಹೊಸದಾಗಿ ಏನೂ ಕಲಿಯಬೇಕಿಲ್ಲ.

ಹಂಚುವಾಗ ‘ಕೊಂಡಿ ಇರುವ ಯಾರು ಬೇಕಾದರೂ ತಿದ್ದಬಹುದು’ ಎಂದು ಇಟ್ಟು ಅದನ್ನು ತರಗತಿಯ ಗುಂಪಿಗೆ ಹಾಕಬೇಡಿ. ತಂಡದವರ ಅಂಚೆ ವಿಳಾಸಕ್ಕೆ ಮಾತ್ರ ತಿದ್ದುವ ಹಕ್ಕು ಕೊಡಿ. ಸಲಹೆ ಕೊಡುವವರಿಗೆ ಟಿಪ್ಪಣಿ ಹಾಕುವ ಹಕ್ಕು ಸಾಕು. ಡಿ.ಟಿ.ಪಿ. ಅಂಗಡಿಗೆ ಮುದ್ರಣಕ್ಕೆ ಹೋಗುವಾಗ ಮನೆಯಲ್ಲೇ ಪಿ.ಡಿ.ಎಫ್. ಮಾಡಿಕೊಂಡು ಹೋಗಿ. ಅಂಗಡಿಯ ಕಂಪ್ಯೂಟರಿನಲ್ಲಿ ನಿಮ್ಮ ಖಾತೆ ತೆರೆದು ಅವಸರದಲ್ಲಿ ಹಾಗೇ ಎದ್ದು ಬಂದರೆ, ನಿಮ್ಮ ಹಿಂದೆ ಸಾಲಿನಲ್ಲಿದ್ದವರಿಗೆ ನಿಮ್ಮ ಅಂಚೆಯೆಲ್ಲ ತೆರೆದ ಪುಸ್ತಕ.

ಪಾಲಕರಿಗೆ ಎರಡು ಮಾತು. ಹದಿಮೂರು ತುಂಬದ ಮಕ್ಕಳಿಗೆ ಸುಳ್ಳು ವಯಸ್ಸು ಹಾಕಿ ಖಾತೆ ತೆರೆಯಬೇಡಿ. ಗೂಗಲ್‌ನಲ್ಲಿ ತಂದೆತಾಯಿಯ ಮೇಲ್ವಿಚಾರಣೆಯ ಖಾತೆಗೆ ಫ್ಯಾಮಿಲಿ ಲಿಂಕ್ ಎಂಬ ದಾರಿಯೇ ಇದೆ. ಕಾಲೇಜು ಕೊಟ್ಟ ಖಾತೆಯಲ್ಲಿ ಬರೆದದ್ದು ಕಾಲೇಜು ಬಿಟ್ಟ ಮೇಲೆ ಕೈತಪ್ಪಬಹುದು, ಆದ್ದರಿಂದ ಪರೀಕ್ಷೆ ಮುಗಿದ ವಾರವೇ ಎಲ್ಲವನ್ನೂ ಇಳಿಸಿಕೊಂಡು ಸ್ವಂತ ಖಾತೆಗೆ ಹಾಕಿಕೊಳ್ಳಲಿ. ಎರಡು ವರ್ಷ ಮುಟ್ಟದೆ ಬಿಟ್ಟ ಸ್ವಂತ ಖಾತೆಗಳನ್ನು ಅಳಿಸಿಹಾಕುವ ನೀತಿಯನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ಮಗಳ ಪ್ರಾಜೆಕ್ಟಿಗೆಂದು ತೆರೆದು ಮರೆತ ಖಾತೆ ನಿಮ್ಮ ಮನೆಯಲ್ಲೂ ಇದ್ದರೆ ಈ ಭಾನುವಾರ ಒಮ್ಮೆ ತೆರೆದು ನೋಡಿ.